ಮೊದಲು ಗಾಂಜಾ ಸೇದುತ್ತಿದ್ದವನು ಈಗ ಪಂಚಾಯಿತಿಗೆ ನಿಲ್ಲುತ್ತಾನಂತೆ. ಓಟು ಹಾಕೋದಾ, ಬೇಡವಾ?

ಮುಲ್ಲಾಮಾರಿ ದಂಡೆ · ಸೋಮವಾರ ರಾತ್ರಿ

ಎಲ್ಲರಿಗೂ ಶರಣು. ನಮ್ಮದು ಚಿಂಚೋಳಿ ತಾಲ್ಲೂಕಿನ ಒಂದು ಹಳ್ಳಿ. ಊರ ಹೆಸರು ಹಾಕುವುದಿಲ್ಲ, ಹಾಕಿದರೆ ನಾಳೆ ಮುಂಜಾನೆ ಚಹಾದ ಅಂಗಡಿಯಲ್ಲಿ ಇದೇ ಮಾತು. ಗ್ರಾಮ ಪಂಚಾಯಿತಿ ಚುನಾವಣೆ ಹತ್ತಿರ ಬಂತು ಅಂತ ಊರಲ್ಲಿ ಗುಂಪು ಕೂಡುವುದು ಶುರುವಾಗಿದೆ. ಹೋದ ಸಲ ಆಗಿದ್ದು 2020ರ ಡಿಸೆಂಬರ್‌ನಲ್ಲಿ.

ನಮ್ಮ ವಾರ್ಡಿನಿಂದ ಒಬ್ಬ ಹುಡುಗ ನಿಲ್ಲುತ್ತೇನೆ ಅನ್ನುತ್ತಿದ್ದಾನೆ. ಹುಡುಗ ಅಂದರೆ ನನ್ನ ವಾರಿಗೆಯವನು, 34 ವಯಸ್ಸು, ಎರಡು ಮಕ್ಕಳು. 19ಕ್ಕೆ ಹೈದರಾಬಾದಿಗೆ ಗೌಂಡಿ ಕೆಲಸಕ್ಕೆ ಹೋದ. ಅಲ್ಲಿ ಗಾಂಜಾ ಹತ್ತಿತು, ಅದರ ಹಿಂದೆ ನಿದ್ದೆ ಮಾತ್ರೆ. ಊರಿಗೆ ಬಂದ ಮೇಲೂ ನಾಲ್ಕು ವರ್ಷ ಅದೇ ಕಥೆ. ಅವನ ಅವ್ವನ ಬೋರಮಾಳ ಹೋಯಿತು. ಜೋಡಿ ಎತ್ತು ಹೋದವು. 2015ರ ಬೇಸಿಗೆಯಲ್ಲಿ ನಮ್ಮ ಬಾವಿಯ ಮೋಟಾರೂ ಹೋಯಿತು, ಸ್ಟಾರ್ಟರ್ ಸಮೇತ. ಆ ವರ್ಷ ಮಳೆ ಬೇರೆ ಇರಲಿಲ್ಲ. ಬಾವಿಯಲ್ಲಿ ಇದ್ದ ಒಂದಿಷ್ಟು ನೀರನ್ನೂ ಎತ್ತಲಾಗದೆ ಉಳ್ಳಾಗಡ್ಡಿ ಒಣಗಿದ್ದು ನನಗೆ ಇನ್ನೂ ಕಣ್ಣ ಮುಂದೆ ಇದೆ.

ಆಮೇಲೆ ಧಾರವಾಡಕ್ಕೆ ಹೋಗಿ ಚಿಕಿತ್ಸೆ ತೆಗೆದುಕೊಂಡ. ಒಂದು ಸಲಕ್ಕೆ ಬಿಡಲಿಲ್ಲ, ಎರಡನೇ ಸಲಕ್ಕೆ ಬಿಟ್ಟ. ಈಗ ಒಂಬತ್ತು ವರ್ಷ ಆಯಿತು. ಮೋಟಾರಿನ ದುಡ್ಡು ಮೂರು ವರ್ಷ ತೊಗರಿ ರಾಶಿ ಆದಾಗಲೆಲ್ಲ ಸ್ವಲ್ಪ ಸ್ವಲ್ಪ ತಂದು ಅಪ್ಪನ ಮುಂದೆ ಇಟ್ಟ. ಈಗ ಟಂಟಂ ಓಡಿಸುತ್ತಾನೆ. ಕೊರೊನಾ ಕಾಲದಲ್ಲಿ ಮುಂಬೈ, ಪುಣೆಯಿಂದ ವಾಪಸ್ ಬಂದವರನ್ನು ಶಾಲೆಯಲ್ಲಿ ಇಟ್ಟಿದ್ದರಲ್ಲ, ಅವರಿಗೆ ಎರಡು ಹೊತ್ತು ರೊಟ್ಟಿ ಮುಟ್ಟಿಸಿದವನು ಇವನೇ.

ಮನೆಯಲ್ಲಿ ಜಗಳ. ಅಪ್ಪ ಒಂದೇ ಮಾತು ಅನ್ನುತ್ತಾರೆ: "ಮೋಟಾರು ಕದ್ದವನ ಕೈಗೆ ಪಂಚಾಯಿತಿ ಬೋರ್‌ವೆಲ್ ಕೊಡೋಣೇನು?" ಅವ್ವ ಅವನ ಕಡೆ. ನಾನು ನಡುವೆ. ನೀವೇನನ್ನುತ್ತೀರಿ?

ಶಹಾಬಾದ್ ಫರ್ಶಿ · ಸೋಮವಾರ ರಾತ್ರಿ

ಬೇಡ. ಊರಲ್ಲಿ ಚಟ ಇಲ್ಲದೆ, ಕಳವು ಇಲ್ಲದೆ ದುಡಿದು ತಿಂದವರು ಇಲ್ಲವಾ? ಅವರಿಗೆ ಹಾಕಿ. ಕೆಟ್ಟು ಸುಧಾರಿಸಿದವನಿಗೆ ಹಾರ, ಮೊದಲಿನಿಂದ ಸರಿ ಇದ್ದವನನ್ನು ಯಾರೂ ಕೇಳುವುದಿಲ್ಲ. ಇದು ಯಾವ ನ್ಯಾಯ?

ಹಳೇ ಮಾಸ್ತರ, ಬಸವಕಲ್ಯಾಣ · ಸೋಮವಾರ ರಾತ್ರಿ

ತಮ್ಮಾ, ನಾನು ಇರುವ ಊರಲ್ಲಿ ಕೂತು ಈ ಪ್ರಶ್ನೆಗೆ "ಬೇಡ" ಅನ್ನುವುದು ಕಷ್ಟ. ಉರಿಲಿಂಗಪೆದ್ದಿ ಮೊದಲು ಕಳ್ಳ ಅಂತಲೇ ಶರಣರ ಕಥೆಗಳು ಹೇಳುತ್ತವೆ. ಕದಿಯಲು ಹೋದ ಮನೆಯಲ್ಲಿ ದೀಕ್ಷೆ ನೋಡಿ ಮನಸ್ಸು ತಿರುಗಿತು. ಆಮೇಲೆ ಗುರುವಿನ ಜಾಗದಲ್ಲೇ ಕೂತ. ಹೆಂಡದ ಮಾರಯ್ಯ ಹೆಂಡ ಮಾರುತ್ತಿದ್ದವನು. ಹೆಸರಿನ ಮುಂದೆ ಹೆಂಡ ಇಟ್ಟುಕೊಂಡೇ ಶರಣನಾದ. ಅದನ್ನು ಯಾರೂ ಅಳಿಸಲಿಲ್ಲ, ಅವನೂ ಮುಚ್ಚಿಡಲಿಲ್ಲ.

ಶಹಾಬಾದ್ ಫರ್ಶಿ · ಸೋಮವಾರ ರಾತ್ರಿ

ಮಾಸ್ತರ್ರೇ, ಉರಿಲಿಂಗಪೆದ್ದಿ ಕೈಯಲ್ಲಿ ಹಣಕಾಸು ಆಯೋಗದ ಅನುದಾನ ಇರಲಿಲ್ಲ. ನರೇಗಾ ಬಿಲ್ ಇರಲಿಲ್ಲ.

ಹಳೇ ಮಾಸ್ತರ, ಬಸವಕಲ್ಯಾಣ · ಸೋಮವಾರ ರಾತ್ರಿ

ಅದೂ ಖರೆ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಮಲಗುತ್ತೇನೆ.

ಕೋರ್ಟ್ ಕಟ್ಟೆ, ಕಲಬುರಗಿ · ಮಂಗಳವಾರ ಮುಂಜಾನೆ

ಕಾನೂನು ಏನನ್ನುತ್ತದೆ ಅಂತ ಯಾರೂ ಹೇಳಲಿಲ್ಲ. ನಾನು ವಕೀಲನಲ್ಲ, ವಕೀಲರ ಹತ್ತಿರ 22 ವರ್ಷ ಗುಮಾಸ್ತ.

ಮೊದಲನೇದು, ಹಿಂದೆ ಸೇದಿದ್ದಕ್ಕೆ ಅಷ್ಟಕ್ಕೇ ಯಾವ ಅನರ್ಹತೆಯೂ ಇಲ್ಲ. ವಿಧಾನಸಭೆ, ಲೋಕಸಭೆಗೆ ನಿಲ್ಲುವವರು ನಮೂನೆ 26 ಅಂತ ಅಫಿಡವಿಟ್ ಕೊಡಬೇಕು. 2002ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಬಂದದ್ದು. ಅದರಲ್ಲಿ ಕೇಸು, ಆಸ್ತಿ, ಸಾಲ, ಓದು ಬರೆಯಬೇಕು. ಚಟ ಇತ್ತಾ ಅಂತ ಕಾಲಂ ಇಲ್ಲ.

ಎರಡನೇದು, ಕೇಸಾಗಿ ಶಿಕ್ಷೆ ಆಗಿದ್ದರೆ ಮಾತ್ರ ಬೇರೆ ಲೆಕ್ಕ. ಜನಪ್ರಾತಿನಿಧ್ಯ ಕಾಯ್ದೆ 1951ರ ಕಲಂ 8(1) ನೋಡಿ. 1985ರ ಮಾದಕ ವಸ್ತು ಕಾಯ್ದೆ, ಅಂದರೆ ಎನ್‌ಡಿಪಿಎಸ್, ಆ ಪಟ್ಟಿಯಲ್ಲಿದೆ. ಜೈಲಾದರೆ ಶಿಕ್ಷೆಯಾದ ದಿನದಿಂದ ಅನರ್ಹ, ಬಿಡುಗಡೆ ಆದ ಮೇಲೂ 6 ವರ್ಷ. ಬರೀ ದಂಡ ಆಗಿದ್ದರೂ ಶಿಕ್ಷೆಯಾದ ದಿನದಿಂದ 6 ವರ್ಷ. ಇದು ಬಹಳ ಜನಕ್ಕೆ ಗೊತ್ತಿಲ್ಲ. ಜೇಬಲ್ಲಿ ಒಂದು ಪುಡಿಕೆ ಸಿಕ್ಕ ಹುಡುಗನಿಗೆ "ತಪ್ಪಾಯ್ತು ಅನ್ನು, ದಂಡ ಕಟ್ಟಿ ಮನೆಗೆ ಹೋಗು" ಅಂತ ನಾವೇ ಹೇಳುತ್ತೇವೆ. ಅವನು ಹತ್ತು ಸಾವಿರದೊಳಗೆ ಮುಗೀತು ಅಂದುಕೊಳ್ಳುತ್ತಾನೆ. ಮುಗಿದಿರುವುದಿಲ್ಲ.

ಪಂಚಾಯಿತಿಗೂ ಇದು ಬರುತ್ತದೆ. ಸಂವಿಧಾನದ 243ಎಫ್ ಪ್ರಕಾರ ಶಾಸಕನಾಗಲು ಯಾರು ಅನರ್ಹರೋ ಅವರು ಪಂಚಾಯಿತಿ ಸದಸ್ಯರಾಗಲೂ ಅನರ್ಹರು. ವಯಸ್ಸು ಮಾತ್ರ ಬೇರೆ, ಅಲ್ಲಿ 25, ಇಲ್ಲಿ 21.

ಇನ್ನೊಂದು ಮಾತು. ಅದೇ 8(1)ರ ಪಟ್ಟಿಯಲ್ಲಿ ಇನ್ನೂ ಯಾರಿದ್ದಾರೆ ಗೊತ್ತಾ? ಓಟಿಗೆ ಲಂಚ ಕೊಟ್ಟು ಶಿಕ್ಷೆ ಆದವನು. ಹೆಂಡತಿಗೆ ಹಿಂಸೆ ಕೊಟ್ಟು ಹಳೇ ಐಪಿಸಿ 498ಎ ಕೆಳಗೆ ಶಿಕ್ಷೆ ಆದವನು. ಅಸ್ಪೃಶ್ಯತೆ ಆಚರಿಸಿ ಶಿಕ್ಷೆ ಆದವನು. ಗಾಂಜಾದವನ ಜೊತೆ ಒಂದೇ ಸಾಲಲ್ಲಿ ಕೂರಿಸಿದ್ದಾರೆ. ಚುನಾವಣೆಯಲ್ಲಿ ಕುಡಿಸಿದ್ದಕ್ಕೆ ಶಿಕ್ಷೆ ಆದ ಒಬ್ಬನನ್ನೂ ನನ್ನ 22 ವರ್ಷದಲ್ಲಿ ನಾನು ನೋಡಿಲ್ಲ. ಪುಡಿಕೆ ಹುಡುಗರನ್ನು ಮಾತ್ರ ತುಂಬಾ ನೋಡಿದ್ದೇನೆ.

ಮುಲ್ಲಾಮಾರಿ ಅವರೇ, ನಿಮ್ಮ ಹುಡುಗನ ಮೇಲೆ ಕೇಸು ಇತ್ತಾ?

ಮುಲ್ಲಾಮಾರಿ ದಂಡೆ · ಮಂಗಳವಾರ ಮುಂಜಾನೆ

ಇಲ್ಲ. ಅಪ್ಪ ಮೋಟಾರಿನ ಕಂಪ್ಲೇಂಟೂ ಕೊಡಲಿಲ್ಲ. ಓಣಿಯ ಹಿರಿಯರು ಬೇಡ ಅಂದರು. ಈಗ ಅದಕ್ಕೂ ಪಶ್ಚಾತ್ತಾಪ ಪಡುತ್ತಾರೆ.

ಸುರಪುರದವಳು · ಮಂಗಳವಾರ ಮಧ್ಯಾಹ್ನ

ಗಾಂಜಾ ಅಂದ ಕೂಡಲೇ ಎಲ್ಲರೂ ಹೈದರಾಬಾದು, ಬೆಂಗಳೂರು ಅನ್ನುತ್ತೀರಿ. ನಮ್ಮ ಕಡೆ ಅದು ದೇವರ ಹೆಸರಲ್ಲೂ ಇದೆ. ಅವಧೂತರು, ಆರೂಢರು, ಕೆಲವು ಜಾತ್ರೆ, ಗದ್ದುಗೆ. ನಮ್ಮ ತಾಲ್ಲೂಕಿನ ತಿಂಥಣಿ ಮೌನೇಶ್ವರನ ವಿಷಯ 2020ರಲ್ಲಿ ಪತ್ರಿಕೆಗಳಲ್ಲೂ ಬಂದಿತ್ತು. ನಮ್ಮಜ್ಜ ಭಜನೆಗೆ ಕೂತಾಗ ಚಿಲುಮೆ ಕೈಯಿಂದ ಕೈಗೆ ಹೋಗುತ್ತಿತ್ತು. ಅಜ್ಜನನ್ನು ಯಾರೂ ಗಾಂಜಾದವನು ಅನ್ನಲಿಲ್ಲ, ಭಜನೆಯವನು ಅಂದರು. ಎರಡು ಸಲ ಊರಿನ ಪಂಚರಲ್ಲಿ ಒಬ್ಬನಾಗಿ ಕೂರಿಸಿದ್ದರು.

ಹಾಗಂತ ನಾನು ಸೇದುವುದು ಸರಿ ಅನ್ನುತ್ತಿಲ್ಲ. ಯಾರು ಸೇದಿದರೆ ಚಟ, ಯಾರು ಸೇದಿದರೆ ಭಕ್ತಿ ಅಂತ ತೀರ್ಮಾನ ಮಾಡುವವರು ಯಾರು? ಗೌಂಡಿ ಹುಡುಗ ಸೇದಿದರೆ ಮಾತ್ರ ನಮಗೆ ಅದು ಕಾಣುತ್ತದೆ.

ನಮ್ಮಲ್ಲಿ ನಿಜವಾಗಿ ಮನೆ ಹಾಳು ಮಾಡಿದ್ದು ಸಿ.ಎಚ್. ಪೌಡರ್ ಕಲಸಿದ ಸೇಂದಿ. ಗಿಡದಿಂದ ಇಳಿಸಿದ್ದು ಒಂದು ಕೊಡ, ಮಾರುವುದು ಹತ್ತು ಕೊಡ. ಉಳಿದ ಒಂಬತ್ತು ನೀರು, ಸ್ಯಾಕರಿನ್, ಪೌಡರ್. ಪೌಡರ್ ಅಂದರೆ ಕ್ಲೋರಲ್ ಹೈಡ್ರೇಟ್, ನಿದ್ದೆ ಬರಿಸುವ ಔಷಧ. ಅದಕ್ಕೆ ಬಿದ್ದವರು ಒಂದು ದಿನ ಸಿಗದಿದ್ದರೆ ಕೈ ನಡುಗಿಸಿಕೊಂಡು ಏನೇನೋ ಮಾತಾಡುತ್ತಿದ್ದರು. ಅದನ್ನು ಕುಡಿದವರನ್ನು ಊರೆಲ್ಲ ನೆನಪಿಟ್ಟಿದೆ. ಕಲಸಿ ಮಾರಿದವರ ಮನೆಗೆ ಮಾತ್ರ ಓಟು ಕೇಳಲು ಎಲ್ಲ ಪಾರ್ಟಿಯವರೂ ಹೋಗುತ್ತಾರೆ.

ಬೀದರ್ ಬಿಸಿಲು · ಮಂಗಳವಾರ ಸಂಜೆ

ಅಕ್ಕಾ, ಕೊನೆಯ ಮಾತು ಸರಿಯಾಗಿ ಹೇಳಿದಿರಿ. ಸೇದಿದವನು ಬೇರೆ, ಮಾರಿದವನು ಬೇರೆ. ಕಾನೂನಲ್ಲೂ ಬೇರೆ. ಗಾಂಜಾ 1 ಕೆಜಿ ತನಕ ಸಣ್ಣ ಪ್ರಮಾಣ, 20 ಕೆಜಿ ದಾಟಿದರೆ ವ್ಯಾಪಾರಿ ಪ್ರಮಾಣ. ಅದಕ್ಕೆ ಕಡಿಮೆ ಅಂದರೂ 10 ವರ್ಷ. 2020ರ ಸೆಪ್ಟೆಂಬರ್‌ನಲ್ಲಿ ಕಾಳಗಿ ಹತ್ತಿರ ಕುರಿ ಫಾರ್ಮಿನಲ್ಲಿ ನೆಲದೊಳಗೆ ಹೂತಿಟ್ಟ 1,350 ಕೆಜಿ ಸಿಕ್ಕಿತ್ತು, ನೆನಪಿದೆಯಾ? ಬೆಂಗಳೂರು ಪೊಲೀಸರು ಬಂದು ಅಗೆದರು. ನಿಮ್ಮ ಚಿಂಚೋಳಿಗೆ ಎಷ್ಟು ದೂರ? ಅಂಥ ಸರಕು ಇಳಿಸಿಕೊಂಡವನು ಓಟು ಕೇಳಿದರೆ ನಾನು ಬಾಗಿಲು ಹಾಕಿಕೊಳ್ಳುತ್ತೇನೆ. ಸೇದಿ ಬಿಟ್ಟವನ ಜೊತೆ ಕೂತು ಮಾತಾಡುತ್ತೇನೆ.

ಅಮೆರಿಕದವರು ಈ ಪ್ರಶ್ನೆಯನ್ನು ಚೆನ್ನಾಗಿ ಅರೆದಿದ್ದಾರೆ. 1987ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟಿಗೆ ಹೆಸರು ಹೋದ ಡಗ್ಲಾಸ್ ಗಿನ್ಸ್‌ಬರ್ಗ್ ಹಿಂದೆ ಗಾಂಜಾ ಸೇದಿದ್ದು ಹೊರಗೆ ಬಂತು, ಹಿಂದೆ ಸರಿಯಬೇಕಾಯಿತು. 1992ರಲ್ಲಿ ಕ್ಲಿಂಟನ್ ಸೇದಿದ್ದೆ, ಆದರೆ ಹೊಗೆ ಒಳಗೆ ಎಳೆದುಕೊಳ್ಳಲಿಲ್ಲ ಅಂದ. ಜನ ನಕ್ಕರು, ಗೆಲ್ಲಿಸಿದರು. ಒಬಾಮಾ 1995ರಲ್ಲೇ, ಇನ್ನೂ ಯಾವ ಸೀಟಿನಲ್ಲೂ ಕೂರದೆ ಇದ್ದಾಗ, ಗಾಂಜಾ ಜೊತೆ ಕೊಕೇನನ್ನೂ ತನ್ನ ಪುಸ್ತಕದಲ್ಲಿ ತಾನೇ ಬರೆದುಕೊಂಡಿದ್ದ. 2008ರಲ್ಲಿ ವಿರೋಧಿಗಳಿಗೆ ಅಗೆಯಲು ಏನೂ ಉಳಿದಿರಲಿಲ್ಲ. ಕಿರಿಯ ಬುಷ್ 40ನೇ ವಯಸ್ಸಿಗೆ, 1986ರಲ್ಲಿ ಕುಡಿತ ಬಿಟ್ಟವನು. ಅದನ್ನು ಜನ ಮೆಚ್ಚಿದ್ದರು. ಆದರೆ 1976ರಲ್ಲಿ ಕುಡಿದು ಗಾಡಿ ಓಡಿಸಿ ಸಿಕ್ಕಿಬಿದ್ದದ್ದನ್ನು ಹೇಳಿರಲಿಲ್ಲ. 2000ದ ಮತದಾನಕ್ಕೆ ಐದು ದಿನ ಇದ್ದಾಗ ಅದು ಹೊರಗೆ ಬಂತು. ಗೆದ್ದ ಬಿಡಿ, ಆದರೆ ಹೇಗೆ ಗೆದ್ದ ಅನ್ನುವುದು ಗೊತ್ತಲ್ಲ, ಫ್ಲೋರಿಡಾದಲ್ಲಿ 537 ಓಟು.

ನಿಮ್ಮ ಹುಡುಗ ತಾನೇ ಹೇಳಿಕೊಳ್ಳುತ್ತಾನಾ, ಇಲ್ಲ ಊರವರು ಹೇಳಬೇಕಾ?

ಶಹಾಬಾದ್ ಫರ್ಶಿ · ಮಂಗಳವಾರ ಸಂಜೆ

ಒಬಾಮಾ ಯಾರ ಬಾವಿ ಮೋಟಾರೂ ಕದ್ದಿರಲಿಲ್ಲ ಭಾಯ್.

ಲ್ಯಾಬ್ ಮನುಷ್ಯ · ಮಂಗಳವಾರ ರಾತ್ರಿ

ಇಲ್ಲಿ ಯಾರಾದರೂ "ಟೆಸ್ಟ್ ಮಾಡಿಸಿ" ಅನ್ನುತ್ತಾರೆ ಅಂತ ಕಾಯುತ್ತಿದ್ದೆ. ಅನ್ನುವ ಮೊದಲೇ ಹೇಳಿಬಿಡುತ್ತೇನೆ. 2018ರ ಜುಲೈನಲ್ಲಿ ಪಂಜಾಬ್ ಸರ್ಕಾರ ಎಲ್ಲ ಸರ್ಕಾರಿ ನೌಕರರಿಗೂ ಡೋಪ್ ಟೆಸ್ಟ್ ಅಂದಿತ್ತು. ಕೆಲವು ರಾಜಕಾರಣಿಗಳು ತಾವೇ ಆಸ್ಪತ್ರೆಗೆ ಹೋಗಿ ಕೊಟ್ಟು ಬಂದರು, ಫೋಟೋ ಸಮೇತ.

ಮೂತ್ರದಲ್ಲಿ ಏನು ಕಾಣುತ್ತದೆ? ಒಂದೆರಡು ಸಲ ಗಾಂಜಾ ಸೇದಿದವನದು ಕೆಲವು ದಿನ. ದಿನಾ ಸೇದುವವನದು ಕೆಲವು ವಾರ, ಒಂದು ತಿಂಗಳ ಮೇಲೂ ಹೋಗಬಹುದು. ಕೊಕೇನ್, ಬ್ರೌನ್ ಶುಗರ್ ಎರಡು ಮೂರು ದಿನ. ಒಂಬತ್ತು ವರ್ಷದ ಹಿಂದಿನದು ಯಾವ ಬಾಟಲಿಯಲ್ಲೂ ಕಾಣುವುದಿಲ್ಲ. ಮೊದಲೇ ದಿನಾಂಕ ಹೇಳಿ ಕರೆದರೆ ನಿನ್ನೆ ಮೊನ್ನೆಯದೂ ಕಾಣದ ಹಾಗೆ ಬರುವವರು ಇದ್ದಾರೆ. ಪಕ್ಕದಲ್ಲಿ ಕೂತವನ ಮೂತ್ರ ತಂದವರನ್ನೂ ನೋಡಿದ್ದೇನೆ. ಒಬ್ಬ ಗಂಡಸಿನ ಸ್ಯಾಂಪಲ್ ಗರ್ಭಿಣಿ ಅಂತ ಬಂತು, ಅದು ಬೇರೆ ಕಥೆ.

ಸಂಘದ ಅಕ್ಕ, ಆಳಂದ · ಬುಧವಾರ ಮುಂಜಾನೆ

ನಿಮ್ಮೆಲ್ಲರ ಮಾತು ಓದಿದೆ. ಅಮೆರಿಕಕ್ಕೆ ಹೋಗಿ ಬಂದಿರಿ, ಪಂಜಾಬಿಗೆ ಹೋಗಿ ಬಂದಿರಿ. ಅವನ ಹೆಂಡತಿಯ ಹತ್ತಿರ ಮಾತ್ರ ಯಾರೂ ಹೋಗಲಿಲ್ಲ.

ನಾನು ಹದಿನಾರು ವರ್ಷದಿಂದ ಸ್ತ್ರೀಶಕ್ತಿ ಸಂಘ ನಡೆಸುತ್ತೇನೆ. 2007ರ ಜುಲೈ 1ಕ್ಕೆ ಸಾರಾಯಿ ಬಂದ್ ಆದಾಗ ನಾವು ಸಕ್ಕರೆ ಹಂಚಿದ್ದೆವು. ಪಾಕೀಟು ಹೋಯಿತು, ಅದರ ಜಾಗಕ್ಕೆ ಕ್ವಾರ್ಟರ್ ಬಂತು, ಟೆಟ್ರಾ ಪ್ಯಾಕ್ ಬಂತು. ಈಗ ಕಿರಾಣಿ ಅಂಗಡಿಯಲ್ಲಿ ಉಪ್ಪಿನ ಚೀಲದ ಹಿಂದೆ ಇರುತ್ತದೆ. 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿಗೆ ಸಾವಿರಾರು ಹೆಣ್ಣುಮಕ್ಕಳು ಮದ್ಯ ಬಂದ್ ಮಾಡಿ ಅಂತ ನಡೆದರಲ್ಲ, ನಮ್ಮ ಸಂಘದಿಂದ ನಾಲ್ಕು ಜನ ಹೋಗಿದ್ದೆವು. ಕಾಲು ಬೊಬ್ಬೆ ಬಂದಿದ್ದವು. ವಾಪಸ್ ಬಂದ ಮರುವಾರ ಅದೇ ಅಂಗಡಿ, ಅದೇ ಉಪ್ಪಿನ ಚೀಲ.

ನನಗೆ ಒಬ್ಬ ಮನುಷ್ಯ ಬಿಟ್ಟಿದ್ದಾನೆ ಅಂತ ಯಾರು ಹೇಳಿದರೂ ನಂಬಿಕೆ ಬರುವುದಿಲ್ಲ. ಅವನ ಹೆಂಡತಿ ಹೇಳಬೇಕು. ಅದೂ ಅವನು ಎದುರಿಗೆ ಇಲ್ಲದಾಗ. ದುಡ್ಡು ಯಾರ ಕೈಯಲ್ಲಿ ಇರುತ್ತದೆ? ಅವಳು ರಾತ್ರಿ ಬಾಗಿಲು ತೆಗೆಯುವಾಗ ಮೊದಲು ಮುಖ ನೋಡುತ್ತಾಳಾ, ಕೈ ನೋಡುತ್ತಾಳಾ? ಕೈ ನೋಡುವುದನ್ನು ಬಿಟ್ಟಿದ್ದರೆ ಅವನು ಖರೆ ಬಿಟ್ಟಿದ್ದಾನೆ. ನಾನು ನನ್ನ ಮನೆಯಲ್ಲಿ ಆ ಕೈ ನೋಡುವುದನ್ನು ಬಿಡಲು ಆರು ವರ್ಷ ಬೇಕಾಯಿತು.

ಅವನ ಎದುರಿಗೆ ನಿಂತವನು ಯಾರು? ಅವನು ಏನು ಹಂಚುತ್ತಾನೆ? ಅದನ್ನು ಯಾಕೆ ಯಾರೂ ಬರೆಯಲಿಲ್ಲ?

ಮುಲ್ಲಾಮಾರಿ ದಂಡೆ · ಬುಧವಾರ ಮುಂಜಾನೆ

ಅಕ್ಕಾವ್ರೇ, ಬರೆಯಬಾರದು ಅಂತ ಅಲ್ಲ. ಬರೆದರೆ ನಾನು ಒಂದು ಕಡೆ ವಾಲಿದೆ ಅನ್ನುತ್ತಾರೆ ಅಂತ ಬಿಟ್ಟೆ. ಎದುರಿಗೆ ನಿಲ್ಲುವವರು ಕುಡಿಯುವುದಿಲ್ಲ, ಸೇದುವುದಿಲ್ಲ, ಎಲೆ ಅಡಿಕೆ ಕೂಡ ಇಲ್ಲ. ಸೋಮವಾರ ಒಪ್ಪೊತ್ತು. ಹೋದ ಸಲ ಅವರ ಕಡೆಯಿಂದ ಮನೆಗೆ ನಾಲ್ಕು ಕ್ವಾರ್ಟರ್ ಬಂದಿದ್ದವು, ಓಟಿನ ಹಿಂದಿನ ಎರಡು ದಿನ ಅಂಗಡಿ ಬಂದ್ ಇದ್ದರೂ. ನಮ್ಮ ಮನೆಗೂ ಬಂದಿದ್ದವು. ಅಪ್ಪ ಎರಡು ಇಟ್ಟುಕೊಂಡು ಎರಡು ವಾಪಸ್ ಕೊಟ್ಟರು. ಅದನ್ನು ಪ್ರಾಮಾಣಿಕತೆ ಅಂತ ಇವತ್ತಿಗೂ ಹೇಳಿಕೊಳ್ಳುತ್ತಾರೆ.

ಕೋರ್ಟ್ ಕಟ್ಟೆ, ಕಲಬುರಗಿ · ಬುಧವಾರ ಮುಂಜಾನೆ

ನಿಮ್ಮಪ್ಪ ನನಗೆ ಇಷ್ಟವಾದರು.

ಶಹಾಬಾದ್ ಫರ್ಶಿ · ಬುಧವಾರ ಮಧ್ಯಾಹ್ನ

ಅಕ್ಕನ ಮಾತಿಗೆ ಎದುರು ಹೇಳುವ ಧೈರ್ಯ ನನಗಿಲ್ಲ. ಆದರೂ ಒಂದು ಕೇಳುತ್ತೇನೆ. ಕ್ವಾರ್ಟರ್ ಹಂಚುವವನು ಕೆಟ್ಟವನು ಅಂದ ಮಾತ್ರಕ್ಕೆ ಇವನು ಒಳ್ಳೆಯವನು ಆಗುತ್ತಾನಾ? ಪಂಚಾಯಿತಿ ಸದಸ್ಯನಿಗೆ ನೀರು, ದೀಪ, ಗಟಾರ, ಮನೆ ಪಟ್ಟಿ ಗೊತ್ತಿರಬೇಕು. ಪಿಡಿಒ ಮುಂದೆ ಕೂತು ಬಿಲ್ ಓದಲು ಬರಬೇಕು. ಅದರ ಬಗ್ಗೆ ಮೂರು ದಿನದಿಂದ ಇಲ್ಲಿ ಒಂದು ಮಾತಿಲ್ಲ. ಪಾಪ ಬಿಟ್ಟ, ಪಾಪ ಬಿಟ್ಟ ಅಂತ ಅದೇ. ಬಿಟ್ಟಿದ್ದು ಅರ್ಹತೆ ಅಲ್ಲ ರೀ.

ಸುರಪುರದವಳು · ಬುಧವಾರ ಮಧ್ಯಾಹ್ನ

ಇದು ನಿಮ್ಮ ಮೊದಲನೇ ಸರಿ ಮಾತು ಅಣ್ಣಾ.

ಒಂಬತ್ತು ಗಂಟೆ ಬಸ್ಸು · ಬುಧವಾರ ರಾತ್ರಿ

ಮೂರು ದಿನದಿಂದ ಓದುತ್ತಿದ್ದೇನೆ. ಬರೆಯಬೇಕಾ ಬೇಡವಾ ಅಂತ ಯೋಚನೆ ಮಾಡಿ ಬರೆಯುತ್ತಿದ್ದೇನೆ. ನಾನೂ ಅದೇ ದಾರಿಯಲ್ಲಿ ಹೋಗಿ ಬಂದವನು. ನನ್ನದು ಮಾತ್ರೆ ಮತ್ತು ಕುಡಿತ. ಯಾದಗಿರಿ ಜಿಲ್ಲೆ. ಬಿಟ್ಟು ಏಳು ವರ್ಷ.

ಇಲ್ಲಿ ಎಲ್ಲರೂ ಅವನ ಹಿಂದಿನದು ಊರಿಗೆ ಏನು ಮಾಡೀತು ಅಂತ ಕೇಳುತ್ತಿದ್ದೀರಿ. ಚುನಾವಣೆ ಅವನಿಗೆ ಏನು ಮಾಡೀತು ಅಂತ ಒಬ್ಬರೂ ಕೇಳಲಿಲ್ಲ.

ಹಳ್ಳಿ ಚುನಾವಣೆ ಹೇಗಿರುತ್ತದೆ ನಿಮಗೆ ಗೊತ್ತು. ಹದಿನೈದು ದಿನ ನಿದ್ದೆ ಇಲ್ಲ. ರಾತ್ರಿ ಹನ್ನೊಂದಕ್ಕೆ ಹೊಲದ ಕೊಟ್ಟಿಗೆಯಲ್ಲಿ ಮೀಟಿಂಗ್. ಖಾರಾ ಚುರುಮುರಿ, ಕೋಳಿ, ನಡುವೆ ಬಾಟಲಿ. ಕುಡಿಯದಿದ್ದರೂ ಅಲ್ಲಿ ಕೂರಬೇಕು. ಕೂರದಿದ್ದರೆ "ಈಗಲೇ ದೊಡ್ಡವನಾದ" ಅನ್ನುತ್ತಾರೆ. ಜೇಬಲ್ಲಿ ಯಾರದೋ ದುಡ್ಡು. ಹಳೇ ಸಂಗಾತಿಗಳು ಎಲ್ಲಿದ್ದರೂ ಹುಡುಕಿಕೊಂಡು ಬರುತ್ತಾರೆ, ಓಟಿದೆ ಅಂತ. ಬಿಟ್ಟವನು ಮತ್ತೆ ಬೀಳುವುದು ಯಾವಾಗ ಅಂತ ನನ್ನ ಡಾಕ್ಟರ್ ಹೇಳಿದ್ದು ಇವೇ ಮೂರು: ನಿದ್ದೆಗೆಟ್ಟಾಗ, ಕೈಯಲ್ಲಿ ಹಣ ಇದ್ದಾಗ, ಹಳೇ ಗೆಳೆಯರ ನಡುವೆ ಕೂತಾಗ. ಚುನಾವಣೆಯಲ್ಲಿ ಮೂರೂ ಒಂದೇ ರಾತ್ರಿ ಸಿಗುತ್ತವೆ. ಸೋತರೆ ಇನ್ನೊಂದು ಬೇರೆ. ಗೆದ್ದರೂ ಅಷ್ಟೇ, ಅವತ್ತು ರಾತ್ರಿ ಕೈಗೆ ಗ್ಲಾಸು ಕೊಡದವರು ಯಾರು?

ನಾನು ತಂಗಿಯ ಮದುವೆಯಲ್ಲೂ ರಾತ್ರಿ ನಿಲ್ಲಲಿಲ್ಲ. ಒಂಬತ್ತರ ಬಸ್ಸಿಗೆ ವಾಪಸ್ ಬಂದೆ. ಜನ ಏನೇನೋ ಅಂದರು.

ಅದಕ್ಕೆ ನಾನು ಹಾಕಬೇಡಿ ಅನ್ನುತ್ತೇನೆ. ಅವನ ಮೇಲಿನ ಸಿಟ್ಟಿಗಲ್ಲ.

ಹಳೇ ಮಾಸ್ತರ, ಬಸವಕಲ್ಯಾಣ · ಬುಧವಾರ ರಾತ್ರಿ

ತಮ್ಮಾ, ನಿನ್ನ ಮಾತು ಓದಿ ಸುಮ್ಮನೆ ಕೂತೆ. ನಮ್ಮ ಕಡೆ ಇಳಕಲ್ಲಿನ ಮಹಾಂತಪ್ಪಗಳು ಜೋಳಿಗೆ ಹಿಡಿದು ಬರುತ್ತಿದ್ದರು. ದುಡ್ಡು ಬೇಡ, ನಿಮ್ಮ ಚಟ ಹಾಕಿ ಅನ್ನುತ್ತಿದ್ದರು. ಜನ ಬೀಡಿ ಕಟ್ಟು, ತಂಬಾಕಿನ ಚೀಲ ಹಾಕುತ್ತಿದ್ದರು. ಅವರು ಹುಟ್ಟಿದ ಆಗಸ್ಟ್ 1ನ್ನು ಸರ್ಕಾರ ವ್ಯಸನಮುಕ್ತ ದಿನ ಅಂತ ಮಾಡುತ್ತದೆ. ಹಾಕಿದವರಲ್ಲಿ ಮರುದಿನ ಮುಂಜಾನೆ ಹೇಗೆ ಕಳೆದರು ಅಂತ ನಾನು ಯಾರನ್ನೂ ಕೇಳಿರಲಿಲ್ಲ.

ಸಂಘದ ಅಕ್ಕ, ಆಳಂದ · ಬುಧವಾರ ರಾತ್ರಿ

ಒಂಬತ್ತು ಗಂಟೆ ಬಸ್ಸಿನ ತಮ್ಮಾ, ನಿನ್ನ ಮಾತು ಖರೆ. ಆದರೆ ಹಾಗಂದರೆ ಯಾರು ನಿಲ್ಲಬೇಕು? ಕುಡಿಸುವವರಿಗೆ ಮಾತ್ರ ಚುನಾವಣೆ ಸಲೀಸು ಅಂತ ಆಯಿತಲ್ಲ. ನಾವು ಹೆಣ್ಣುಮಕ್ಕಳೂ ರಾತ್ರಿ ಹನ್ನೊಂದರ ಮೀಟಿಂಗಿಗೆ ಹೋಗುವುದಿಲ್ಲ. ನಮ್ಮ ಊರಲ್ಲಿ ಮಹಿಳಾ ಸೀಟು ಬಂದಾಗ ನಾನು ನಿಂತೆ. ಮುಂಜಾನೆ ಹೊಲಕ್ಕೆ ಹೋಗುವ ಮೊದಲು ಒಂದು ಸುತ್ತು, ಸಂಜೆ ದೀಪ ಹಚ್ಚುವ ಮೊದಲು ಒಂದು ಸುತ್ತು. 41 ಓಟಿನಲ್ಲಿ ಸೋತೆ. ಆದರೆ 41ರಲ್ಲಿ, ಅಲ್ವಾ?

ಒಂಬತ್ತು ಗಂಟೆ ಬಸ್ಸು · ಬುಧವಾರ ರಾತ್ರಿ

ಅಕ್ಕಾ, ಇದಕ್ಕೆ ನನ್ನಲ್ಲಿ ಉತ್ತರ ಇಲ್ಲ. ಅವನಿಗೆ ನಿಮ್ಮಂಥವರು ಜೊತೆಗಿದ್ದರೆ ಬೇರೆ ಮಾತು.

ಮತ್ತೆ ಇದನ್ನು ಓದುವವರಲ್ಲಿ ಯಾರಾದರೂ ಈಗ ಅದರಲ್ಲೇ ಇದ್ದರೆ, 14446ಕ್ಕೆ ಫೋನ್ ಮಾಡಿ, ದುಡ್ಡು ಬೀಳುವುದಿಲ್ಲ. ನಿದ್ದೆ ಮಾತ್ರೆ, ಪೌಡರ್ ಸೇಂದಿ, ದಿನಾ ಹೆಚ್ಚು ಕುಡಿತ, ಇವನ್ನು ಮಾತ್ರ ಒಮ್ಮೆಲೇ ನಿಲ್ಲಿಸಬೇಡಿ. ಫಿಟ್ಸ್ ಬರಬಹುದು. ಡಾಕ್ಟರ್ ಕೇಳಿ ಇಳಿಸಿ.

ಕೋರ್ಟ್ ಕಟ್ಟೆ, ಕಲಬುರಗಿ · ಗುರುವಾರ ಮುಂಜಾನೆ

ಅದಕ್ಕೆ ಸೇರಿಸಿ: ತಾನಾಗಿ ಸರ್ಕಾರ ಮಾನ್ಯ ಮಾಡಿದ ಕಡೆ ಚಿಕಿತ್ಸೆಗೆ ಹೋದ ವ್ಯಸನಿಗೆ, ಸೇವನೆ ಅಥವಾ ಸಣ್ಣ ಪ್ರಮಾಣದ ಕೇಸಿನಿಂದ ಎನ್‌ಡಿಪಿಎಸ್ ಕಲಂ 64ಎ ರಕ್ಷಣೆ ಕೊಡುತ್ತದೆ. ಚಿಕಿತ್ಸೆ ಪೂರಾ ಮಾಡಬೇಕು, ನಡುವೆ ಬಿಟ್ಟರೆ ರಕ್ಷಣೆ ಹೋಗಬಹುದು.

ಮುಲ್ಲಾಮಾರಿ ದಂಡೆ · ಭಾನುವಾರ ರಾತ್ರಿ

ತಡವಾಯಿತು. ತೊಗರಿಗೆ ಔಷಧಿ ಹೊಡೆಯುವ ಕೆಲಸ ಇತ್ತು.

ಅವನ ಮನೆಗೆ ಹೋಗಿದ್ದೆ. ಮೊದಲು ಅವ್ವನನ್ನು ಕಳಿಸಿದೆ, ಆಳಂದದ ಅಕ್ಕ ಹೇಳಿದ ಹಾಗೆ, ಅವನು ಟಂಟಂ ಒಯ್ದಾಗ. ಹೆಂಡತಿ ಏನಂದಳು ಅಂತ ಅವ್ವ ಪೂರ್ತಿ ಹೇಳಲಿಲ್ಲ. "ಬ್ಯಾಂಕಿನ ಪಾಸ್‌ಬುಕ್ ಆಕೆಯ ಹತ್ತಿರ ಇದೆ" ಅಂತ ಇಷ್ಟು ಹೇಳಿದಳು. ನಿಲ್ಲುವುದು ಆಕೆಗೆ ಇಷ್ಟವೇ ಇಲ್ಲ ಅಂತಲೂ ಹೇಳಿದಳು. ಕಾರಣ ಒಂಬತ್ತು ಗಂಟೆ ಬಸ್ಸಿನವರು ಬರೆದದ್ದೇ.

ಶುಕ್ರವಾರ ರಾತ್ರಿ ಅವನ ಜೊತೆ ಕೂತೆ. ನಿಮ್ಮ ಮಾತೆಲ್ಲ ಫೋನಿನಲ್ಲಿ ಓದಿ ತೋರಿಸಿದೆ. ಒಬಾಮಾಗೆ ನಕ್ಕ. ಬಸ್ಸಿನವರದು ಎರಡು ಸಲ ಓದಿಸಿಕೊಂಡ. ಆಮೇಲೆ ಅಂದ, "ದೀಪ ಹಚ್ಚಿದ ಮೇಲೆ ನಾನು ಮನೆ ಬಿಟ್ಟು ಹೊರಗೆ ಬರುವುದಿಲ್ಲ. ಅದಕ್ಕೆ ಓಟು ಕಡಿಮೆ ಬಿದ್ದರೆ ಬೀಳಲಿ. ಹಗಲು ಕೇಳುತ್ತೇನೆ." ಬಿಲ್ ಓದಲು ಬರುತ್ತದಾ ಅಂತ ಶಹಾಬಾದಿನವರ ಪ್ರಶ್ನೆಯನ್ನೂ ಕೇಳಿದೆ. ಏಳನೇ ಇಯತ್ತೆ ಕಲಿತವನು, ಬರುವುದಿಲ್ಲ ಅಂದ. ಗೌಂಡಿ ಕೆಲಸದ ಬಿಲ್ ಬರುತ್ತದೆ, ಒಂದು ಗಟಾರಕ್ಕೆ ಎಷ್ಟು ಚೀಲ ಸಿಮೆಂಟು ಅಂತ ನೋಡಿದರೆ ಗೊತ್ತಾಗುತ್ತದೆ ಅಂದ. ಅದು ಸಾಕಾ ಅಂತ ನನಗೆ ಗೊತ್ತಿಲ್ಲ.

ಇವತ್ತು ಮುಂಜಾನೆ ಅವನೇ ನಮ್ಮ ಮನೆಗೆ ಬಂದ. ಅಪ್ಪ ಅಂಗಳದಲ್ಲಿ ಕೂತಿದ್ದರು. ಓಟಿನ ಮಾತು ಎತ್ತಲಿಲ್ಲ. ಅಪ್ಪ ಬಹಳ ಹೊತ್ತು ಬಿಟ್ಟು ಕೇಳಿದರು, "ಮೋಟಾರಿನ ದುಡ್ಡು ಕೊಟ್ಟಿ. ಸ್ಟಾರ್ಟರ್ ಎಲ್ಲಿ ಮಾರಿದಿ?"

ತಾಂಡೂರಿನ ಗುಜರಿಯವನಿಗೆ ಅಂದ. ಎಷ್ಟಕ್ಕೆ ಅಂದರು. ಇನ್ನೂರಕ್ಕೆ ಅಂದ.

ಅಪ್ಪ ಎದ್ದು ನಿಂತರು. "ಇನ್ನೂರಕ್ಕೆ? ಹೊಸಾದು ಇತ್ತಲ್ಲೋ ಅದು! ಎರಡೂವರೆ ಸಾವಿರ ಕೊಟ್ಟು ಅದೇ ವರ್ಷ ತಂದಿದ್ದೆ!" ಅಂತ ಶುರು ಮಾಡಿದವರು ಅರ್ಧ ತಾಸು ಅವನನ್ನು ಬೈದರು. ಕದ್ದದ್ದಕ್ಕಲ್ಲ, ಅಷ್ಟು ಅಗ್ಗಕ್ಕೆ ಮಾರಿದ್ದಕ್ಕೆ. ಅವನು ತಲೆ ತಗ್ಗಿಸಿ ಕೇಳಿಸಿಕೊಂಡ. ಅವ್ವ ಒಳಗಿಂದ ಚಹಾ ತಂದಳು, ಮೂರು ಕಪ್ಪು.

ಅಪ್ಪ ಇನ್ನೂ ಓಟು ಹಾಕುವುದಿಲ್ಲ ಅಂತಲೇ ಅನ್ನುತ್ತಿದ್ದಾರೆ.

ಶಹಾಬಾದ್ ಫರ್ಶಿ · ಭಾನುವಾರ ರಾತ್ರಿ

ಹೊಸ ಸ್ಟಾರ್ಟರ್ ಇನ್ನೂರಕ್ಕಾ? ಆ ಗುಜರಿಯವನನ್ನು ಹಿಡೀರಿ ಮೊದಲು.